ಗಟ್ಟಿ ಮನಸ್ಸಿನ ಹಲ್ಲುಮೇಷ್ಟ್ರು

ಹಲ್ಲುಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿಕೊಂಡು ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಹೆಸರಿಗೆ ಮೇಷ್ಟ್ರು ಎಂಬ ಬಾಲ ಅಂಟಿಕೊಂಡದ್ದು ಅವರ ಬಾಯಿಯ ದೆಸೆಯಿಂದ. ಮೇಣ ಕಾಯಿಸುತ್ತ, ಗುಲಾಬಿ ಬಣ್ಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತ, ಎದುರಿಗೆ ಯಾರೇ ಇರಲಿ, ಅಚ್ಚು ತಂದುಕೊಡುವ ಆಸ್ಪತ್ರೆಯ ಆಯಾ ಇರಲಿ, ಕರೆಂಟಿನ ಮೀಟರು ನೋಡಲು ಬಂದವನಿರಲಿ, ಪಾಠ ಶುರು ಹಚ್ಚಿಬಿಡುತ್ತಿದ್ದರು. ಪಾಠ ಒಂದೇ. ಫುಟ್‌ಬಾಲ್ ಆಡುವುದು ಕಾಲಿನಿಂದ ಅಲ್ಲ.

“ಕಾಲು ಎಲ್ಲರಿಗೂ ಇದೆ ಸ್ವಾಮಿ. ಕತ್ತೆಗೆ ನಾಲ್ಕಿದೆ. ಅದು ಕಪ್ ಗೆದ್ದಿದ್ಯಾ? ಬೇಕಾಗಿರೋದು ಇಲ್ಲಿ,” ಎಂದು ಮೇಣ ಮೆತ್ತಿದ ಬೆರಳಿನಿಂದ ಹಣೆ ತಟ್ಟಿಕೊಳ್ಳುತ್ತಿದ್ದರು. ಹಣೆಯ ಮೇಲೆ ಯಾವಾಗಲೂ ಒಂದು ಗುಲಾಬಿ ಮಚ್ಚೆ ಇದ್ದೇ ಇರುತ್ತಿತ್ತು.

ಅವರು ಬೆಂಬಲಿಸುತ್ತಿದ್ದ ಊರಿನ ತಂಡಕ್ಕೆ ಕಾಲಿನ ಕೊರತೆ ಇರಲಿಲ್ಲ, ಅದು ನಿಜ. ಲೀಗಿನ ಉದ್ದಕ್ಕೂ ಕುದುರೆಗಳ ಹಾಗೆ ಓಡುವರು. ಕೊನೆಯ ಎರಡು ಮೂರು ಪಂದ್ಯ ಉಳಿಯಿತೋ, ಕೈಕಾಲು ನಡುಗಲು ಶುರು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ವರ್ಷ ವರ್ಷವೂ ಎರಡನೇ ಸ್ಥಾನ. ಎದುರಾಳಿಗಳು ಇವರನ್ನು ‘ಎರಡನೇ ಪಂಕ್ತಿಯವರು’ ಎಂದು ಕರೆದು ನಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಮೇಷ್ಟ್ರು ಕಟ್ಟಿದ ಸೆಟ್ಟಿನಲ್ಲಿ ಯಾವುದೋ ಮುದುಕಿಗೆ ಒಂದು ಹಲ್ಲು ಸೊಟ್ಟಗೆ ಕೂತಿರುತ್ತಿತ್ತು.

ಪಂದ್ಯದ ದಿನಗಳಲ್ಲಿ ಅವರಿಗೆ ಇನ್ನೊಂದು ಪದವಿಯಿತ್ತು. ಗೋಲಿನ ಹಿಂದಿನ ಗ್ಯಾಲರಿಗೆ ಅವರೇ ಯಜಮಾನರು. ಡೋಲು ಯಾವಾಗ ಬಡಿಯಬೇಕು, ಯಾರನ್ನು ಹೊಗಳಬೇಕು, ಯಾರ ಜನ್ಮ ಜಾಲಾಡಬೇಕು, ಎಲ್ಲ ಅವರ ಕೈಸನ್ನೆಯಲ್ಲಿ. ಅಲ್ಲಿ ಅವರು ತಂದ ಒಂದು ಕಟ್ಟಳೆ ಊರಿಗೇ ಹೆಸರಾಗಿತ್ತು: ನಮ್ಮವನು ಪೆನಾಲ್ಟಿ ಒದೆಯುವಾಗ ಗ್ಯಾಲರಿ ಉಸಿರೆತ್ತಕೂಡದು. ಹಿಂದೊಮ್ಮೆ ಕೂಗಾಟದ ನಡುವೆ ನಮ್ಮವನೊಬ್ಬ ಚೆಂಡನ್ನು ಆಕಾಶಕ್ಕೆ ಒದ್ದಿದ್ದ, ಅಂದಿನಿಂದ ಈ ಶಾಸನ. ಡೋಲಿನವರು ಡೋಲನ್ನು ಕೂಸಿನ ಹಾಗೆ ಅಪ್ಪಿಕೊಂಡು ನಿಲ್ಲುತ್ತಿದ್ದರು. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಒಂದು ಸಲ ಕನ್ನಡಕದಂಗಡಿಯವನು ಆ ಹೊತ್ತಿಗೆ ಸರಿಯಾಗಿ ಸೀನಿಬಿಟ್ಟ. ಸೀನು ಯಾರಪ್ಪನ ಮನೆ ಆಳು, ಹೇಳಿ ಕೇಳಿ ಬರುವುದಕ್ಕೆ? ಆದರೂ ಮೇಷ್ಟ್ರು ಆ ಸೀಸನ್ ಮುಗಿಯುವ ತನಕ ಅವನನ್ನು ಕಟ್ಟಕಡೆಯ ಮೆಟ್ಟಿಲಿಗೆ ಅಟ್ಟಿದರು. ಅವನೂ ತೆಪ್ಪಗೆ ಹೋಗಿ ಕೂತ. ಮೇಷ್ಟ್ರ ಮಾತೆಂದರೆ ಮಾತು.

ಆ ತಂಡದ ಮುಂಚೂಣಿ ಆಟಗಾರ ಮೇಷ್ಟ್ರ ಭಾವಮೈದ, ಅಂದರೆ ಹೆಂಡತಿಯ ತಮ್ಮ. ಉದ್ದ ಕಾಲು, ಉದ್ದ ಕತ್ತು. ಓಡುವಾಗ ತಲೆ ಮೈಗಿಂತ ಮೊದಲೇ ಹೊರಟುಬಿಡುತ್ತಿದ್ದುದರಿಂದ ಗ್ಯಾಲರಿ ಅವನಿಗೆ ಒಂಟೆ ಎಂದು ಹೆಸರಿಟ್ಟಿತ್ತು. ಮನೆಯಲ್ಲೂ ಅದೇ ನಿಂತುಹೋಯಿತು. ತಾಯಿ ತೀರಿಕೊಂಡ ಮೇಲೆ ಅವನು ಅಕ್ಕನ ಮನೆಯಲ್ಲೇ ಇದ್ದ. ಸಾಧು ಜೀವ. ಯಾರಾದರೂ ಎರಡು ಮಾತು ಅಂದರೆ ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ತಾನೇ ಕ್ಷಮೆ ಕೇಳುವ ಪೈಕಿ. ಭಾವನೆಂದರೆ ಅವನಿಗೆ ಭಯವೂ ಇತ್ತು, ಭಕ್ತಿಯೂ ಇತ್ತು.

ಈ ಸೀಸನ್ನಿನ ಆರಂಭದಲ್ಲೇ ಕಪ್ತಾನನ ಮಂಡಿಗೆ ಪೆಟ್ಟಾಗಿ, ಪೆನಾಲ್ಟಿ ಒದೆಯುವ ಕೆಲಸ ಒಂಟೆಯ ಪಾಲಿಗೆ ಬಂತು. ಸುದ್ದಿ ಕೇಳಿದ ಮೇಷ್ಟ್ರು ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲಿಟ್ಟರು.

“ನಿನ್ನ ಕಾಲಿನ ಬಗ್ಗೆ ನನಗೆ ಚಿಂತೆ ಇಲ್ಲ ಕಣೋ. ತಲೆ ಮಾತ್ರ ನನಗೆ ಬಿಡು.”

“ಬಿಟ್ಟೆ ಭಾವ,” ಎಂದ ಒಂಟೆ.

ಮನೆಯ ಮುಂದಿನ ಕೋಣೆಯೇ ಮೇಷ್ಟ್ರ ಕಾರ್ಯಾಗಾರ. ಹಿಂದೆ ಒಂದು ಕಿರುಗಲ್ಲಿ. ಗಲ್ಲಿಯ ಕೊನೆಯಲ್ಲಿ ಯಾವುದೋ ಕಾಲದಿಂದ ಮುಚ್ಚಿಬಿದ್ದ ಗೋದಾಮು. ಅದರ ಕಬ್ಬಿಣದ ಷಟರಿನ ಮೇಲೆ ಮೇಷ್ಟ್ರು ಅಚ್ಚು ತೆಗೆಯುವ ಪ್ಲಾಸ್ಟರನ್ನು ಕಲಸಿ ಗೋಲಿನ ಚೌಕಟ್ಟು ಬರೆದರು. ಪ್ರತಿ ಸಂಜೆ ಒಂಟೆ ಅಲ್ಲಿ ಚೆಂಡಿಟ್ಟು ಒದೆಯಬೇಕು. ಮೇಷ್ಟ್ರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಬೈಯಬೇಕು. ಉಳಿಪೆಟ್ಟು ತಿಂದ ಕಲ್ಲೇ ತಾನೆ ವಿಗ್ರಹವಾಗುವುದು? ಇಷ್ಟು ಬೈಗುಳ ತಿಂದವನನ್ನು ಮುಂದೆ ಯಾವ ಕ್ರೀಡಾಂಗಣ ಏನು ಮಾಡೀತು? ಇದು ಅವರ ಲೆಕ್ಕಾಚಾರ.

ಮೊದಮೊದಲು ಹಂದಿ, ಕತ್ತೆ, ಕೋಣ ಎಂದು ಪ್ರಾಣಿಗಳನ್ನೆಲ್ಲ ಕರೆದರು. ಒಂಟೆ ನಕ್ಕ. ನಗುವವನು ಗಟ್ಟಿಯಾಗುವುದೆಂತು? ಮೇಷ್ಟ್ರು ನೋವಾಗುವ ಜಾಗ ಹುಡುಕತೊಡಗಿದರು. ಡಾಕ್ಟರುಗಳು ಸಣ್ಣ ಸಲಾಕೆಯಿಂದ ಹಲ್ಲು ತಟ್ಟುತ್ತ ಹೋಗುವುದನ್ನು ಅವರು ಎಷ್ಟು ಸಲ ನೋಡಿಲ್ಲ? ತಟ್ಟುತ್ತ ಹೋದರೆ ಒಂದು ಕಡೆ ಮನುಷ್ಯ ಕುರ್ಚಿಯಿಂದ ಎದ್ದೇಬಿಡುತ್ತಾನೆ. ಹಾಗೆಯೇ ಒಂಟೆಯ ಓದು ತಟ್ಟಿದರು, ಕೈಹಿಡಿಯದೆ ಹೋದ ಹುಡುಗಿಯನ್ನು ತಟ್ಟಿದರು. ಕೊನೆಗೆ ಒಂದು ಸಂಜೆ ಆ ಜಾಗ ಸಿಕ್ಕೇಬಿಟ್ಟಿತು.

“ಹೆತ್ತೋಳು ಸಾಯ್ತಾ ನಿನ್ನ ಹೆಸರು ಹಿಡಿದು ಕರೀತಿದ್ಳು! ಎಲ್ಲಿದ್ದೆ ನೀನು? ಚೆಂಡಿನ ಹಿಂದೆ ನಾಯಿ ಥರ ಓಡ್ತಿದ್ದೆ!”

ಒಂಟೆಯ ಮುಖ ಸುಣ್ಣ ಬಳಿದ ಹಾಗಾಯಿತು. ಅವನು ಒದ್ದ ಚೆಂಡು ಷಟರಿನ ಮೇಲ್ಮೂಲೆಗೆ ಬಡಿದ ಸದ್ದಿಗೆ ಮಹಡಿಯ ಮನೆಯವರು ಕಿಟಕಿ ಮುಚ್ಚಿದರು. ಮತ್ತೆ ಬೈದರು, ಮತ್ತೆ ಅದೇ ಮೂಲೆ. ಮೇಷ್ಟ್ರು ಸ್ಟೂಲಿನಿಂದ ಎದ್ದು ಚಪ್ಪಾಳೆ ತಟ್ಟಿದರು. ಅಂದಿನಿಂದ ಬೇರೆ ಬೈಗುಳಗಳಿಗೆ ರಜೆ. ದಿನವೂ ಆ ಒಂದೇ ಮಾತು.

ಅಡುಗೆಮನೆಯ ಕಿಟಕಿ ಗಲ್ಲಿಗೇ ತೆರೆಯುತ್ತಿತ್ತು. ತಮ್ಮ ಸ್ನಾನಕ್ಕೆ ಹೋದಾಗ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

“ಅಮ್ಮ ಯಾರನ್ನೂ ಕರೀಲಿಲ್ಲ ರೀ. ಅವಳಿಗೆ ಪ್ರಜ್ಞೆನೇ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದೋಳು ನಾನು.”

“ಗೊತ್ತು.”

“ಗೊತ್ತಿದ್ದೂ ಹಾಗನ್ನೋದಾ?”

“ಸುಳ್ಳೋ ನಿಜವೋ, ಚೆಂಡು ಒಳಗೆ ಹೋಯ್ತಾ ಇಲ್ವಾ? ಅದನ್ನ ಹೇಳು.”

“ಅವನು ನಿದ್ದೇಲಿ ಹಲ್ಲು ಕಡೀತಾನೆ. ಪಕ್ಕದ ರೂಮಿಗೂ ಕೇಳಿಸುತ್ತೆ.”

“ಹಲ್ಲು ಕಚ್ಚಿ ನಿಲ್ಲೋದನ್ನ ಕಲೀತಿದಾನೆ. ಒಳ್ಳೇದೇ ಆಯ್ತು,” ಎಂದರು ಮೇಷ್ಟ್ರು. ಮಾರನೆಯ ದಿನವೇ ಅವನ ಹಲ್ಲಿನ ಅಚ್ಚು ತೆಗೆದು, ಮಲಗುವಾಗ ಹಾಕಿಕೊಳ್ಳಲು ಒಂದು ಕವಚ ಮಾಡಿಕೊಟ್ಟರು. ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಭಾವಮೈದನ ಮೇಲೆ ಅಷ್ಟು ಅಕ್ಕರೆ.

ನಡುವೆ ಒಮ್ಮೆ ಮೇಷ್ಟ್ರಿಗೆ ನೆಗಡಿಯಾಗಿ ಗಂಟಲು ಕೂತಿತು. ಸ್ಟೂಲಿನ ಮೇಲೆ ಕೂತು ಕೈಸನ್ನೆಯಲ್ಲೇ ಒದೆ ಎಂದರು. ಒಂಟೆಯ ಚೆಂಡು ಒಮ್ಮೆ ಗೋಡೆಗೆ ಹೋಯಿತು, ಒಮ್ಮೆ ಚರಂಡಿಗೆ, ಒಮ್ಮೆ ಮಹಡಿಯವರು ಒಣಹಾಕಿದ್ದ ಬಟ್ಟೆಗೆ.

“ಏನೋ ಖಾಲಿ ಖಾಲಿ ಅನ್ನಿಸ್ತದೆ ಭಾವ. ಕಾಲು ಎಲ್ಲಿದೆ ಅಂತಾನೇ ಗೊತ್ತಾಗಲ್ಲ,” ಎಂದ.

ಇದು ಸೋಮಾರಿತನ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಗಂಟಲು ಬಿಟ್ಟ ಮೇಲೆ ಬಡ್ಡಿ ಸಮೇತ ಬೈದರು. ಎಲ್ಲ ಸರಿಹೋಯಿತು.

ಫಲವೂ ಸಿಕ್ಕಿತೆನ್ನಿ. ಪರಸ್ಥಳದ ಪಂದ್ಯಗಳಲ್ಲಿ ಸಿಕ್ಕ ಪೆನಾಲ್ಟಿಗಳನ್ನೆಲ್ಲ ಒಂಟೆ ಗೋಲು ಮಾಡಿದ. ಅಲ್ಲಿನ ಗ್ಯಾಲರಿಗಳು ಅವನ ಮೂರು ತಲೆಮಾರನ್ನು ಜಾಲಾಡುತ್ತಿದ್ದರೆ, ಅವನು ಅದರಲ್ಲೇ ಮಿಂದವನ ಹಾಗೆ ಶಾಂತವಾಗಿ ಬಂದು ಮೂಲೆಗೆ ಒದ್ದು ಹೋಗುತ್ತಿದ್ದ. ಪೇಪರಿನವರು ಅವನ ಮನೋಬಲವನ್ನು ಕೊಂಡಾಡಿದರು. ಅದನ್ನು ಮೇಷ್ಟ್ರು ಅಚ್ಚು ತಂದವರಿಗೆಲ್ಲ ಓದಿ ಹೇಳಿದರು. ತಮ್ಮ ಸ್ವಂತ ಮೈದಾನದಲ್ಲಿ ಮಾತ್ರ ಆ ಸೀಸನ್ ಒಂದೂ ಪೆನಾಲ್ಟಿ ಸಿಕ್ಕಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸುವಂಥದ್ದು ಅದರಲ್ಲಿ ಏನಿತ್ತು?

ಹೀಗೆ ಕೊನೆಯ ಪಂದ್ಯ ಬಂತು. ಸ್ವಂತ ಮೈದಾನ, ಸುಡುವ ಮಧ್ಯಾಹ್ನ. ಗೆದ್ದರೆ ಕಪ್ ಇವರದು, ಸಮ ಆದರೂ ಸಾಲದು, ಮತ್ತೆ ಎರಡನೇ ಪಂಕ್ತಿ. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಒಂದೊಂದೇ ಗೋಲು. ಡೋಲಿನವರ ಅಂಗೈ ಸುಲಿದುಹೋಗಿತ್ತು. ಆಗ ಎದುರಾಳಿಯ ಒಬ್ಬ, ಚೆಂಡನ್ನು ಬಿಟ್ಟು ಒಂಟೆಯ ಕಾಲಿಗೇ ಒದ್ದ. ರೆಫರಿ ಸೀಟಿ ಊದಿ ಪೆನಾಲ್ಟಿ ಚುಕ್ಕೆಯ ಕಡೆ ಬೆರಳು ತೋರಿಸಿದ.

ಗ್ಯಾಲರಿ ಒಮ್ಮೆ ಹುಚ್ಚೆದ್ದು ಕಿರುಚಿತು. ಮೇಷ್ಟ್ರು ಮುಂದಿನ ಕಂಬಿಯ ಬಳಿ ನಿಂತು ಎರಡೂ ಕೈ ಎತ್ತಿದರು. ಅಷ್ಟೇ. ಹಾಲು ಉಕ್ಕುವಾಗ ಒಲೆ ಆರಿಸಿದ ಹಾಗೆ ಸದ್ದು ಇಳಿಯಿತು. ಗೋಲಿನ ಹಿಂದಿನವರು ಸುಮ್ಮನಾದದ್ದು ನೋಡಿ ಪಕ್ಕದವರೂ ಸುಮ್ಮನಾದರು. ಬಂದಿದ್ದ ಎದುರಾಳಿಯ ಬೆಂಬಲಿಗರು ಕೂಡ ಏನೋ ನೋಡಬಾರದ್ದು ನೋಡಿದವರಂತೆ ಬಾಯಿ ಮುಚ್ಚಿದರು. ಧ್ವಜದ ಬಟ್ಟೆ ಪಟಪಟ ಅನ್ನುವುದು ಕೇಳಿಸುತ್ತಿತ್ತು.

ಒಂಟೆ ಚೆಂಡಿಟ್ಟ. ಹಿಂದೆ ಹಿಂದೆ ಹೆಜ್ಜೆ ಹಾಕಿದ. ನಿಂತ. ತಲೆಯೆತ್ತಿದ.

ಅವನು ಗೋಲ್‌ಕೀಪರನನ್ನು ನೋಡಲಿಲ್ಲ, ಬಲೆಯನ್ನೂ ನೋಡಲಿಲ್ಲ. ಬಲೆಯಾಚೆ ಗ್ಯಾಲರಿಯಲ್ಲಿ ಹುಡುಕಿ ಹುಡುಕಿ ಭಾವನ ಮುಖ ನೋಡಿದ. ಕಾಯುತ್ತ ನಿಂತ. ಮೇಷ್ಟ್ರಿಗೆ ಗಂಟಲು ಕೂತಿದ್ದ ಆ ಸಂಜೆ ನೆನಪಾಯಿತು, ಚರಂಡಿಗೆ ಹೋದ ಚೆಂಡು ನೆನಪಾಯಿತು. ಇವನಿಗೆ ಬೇಕಾಗಿರುವುದು ಮೌನವಲ್ಲ, ಇವನಿಗೆ ಬೇಕಾಗಿರುವುದು ಆ ಮಾತು. ಒಂದು ಸಲ ಕೂಗಿದರೆ ಸಾಕು, ಚೆಂಡು ಮೂಲೆಯಲ್ಲಿ, ಕಪ್ ಊರಿನಲ್ಲಿ.

ಮೇಷ್ಟ್ರು ಬಾಯಿ ತೆರೆದರು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಕನ್ನಡಕದಂಗಡಿಯವನು ಸೀನು ಬಂದೀತೆಂದು ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಹಿಂದೆ ಸಾವಿರಾರು ಜನ. ತಾವೇ ಹಾಕಿದ ಕಟ್ಟಳೆ. ಈ ಸ್ತಬ್ಧ ಕ್ರೀಡಾಂಗಣದಲ್ಲಿ ತಮ್ಮೊಬ್ಬರ ದನಿ ಎದ್ದು, ಸತ್ತ ಅತ್ತೆಯ ಹೆಸರೆತ್ತಿ ಸ್ವಂತ ಭಾವಮೈದನನ್ನು ನಾಯಿ ಅಂದರೆ? ಆಮೇಲೂ ಅವನು ತಪ್ಪಿಸಿದರೆ? ಜನ ಏನೆಂದಾರು? ನಾಳೆ ಯಾರ ಮುಖ ನೋಡುವುದು? ಮೇಷ್ಟ್ರು ಬಾಯಿ ಮುಚ್ಚಿಕೊಂಡರು.

ರೆಫರಿ ಸೀಟಿ ಊದಿದ. ಒಂಟೆ ಇನ್ನೂ ಕಾಯುತ್ತಲೇ ಇದ್ದವನು, ಯಾರೋ ಹಿಂದಿನಿಂದ ತಳ್ಳಿದ ಹಾಗೆ ಓಡಿಬಂದು ಒದ್ದ. ಚೆಂಡು ಮಗುವಿಗೆ ಆಡಲು ಉರುಳಿಸಿಕೊಟ್ಟಂತೆ ಹೋಗಿ ಗೋಲ್‌ಕೀಪರನ ಕೈಯಲ್ಲಿ ಕೂತಿತು.

ಆಮೇಲಿನದನ್ನು ಹೇಳುವುದೇನು? ಮೌನ ಒಡೆದು ಬೈಗುಳದ ಮಳೆ. ಹೆತ್ತವರು, ಹುಟ್ಟಿದ ಗಳಿಗೆ, ತಿಂದ ಅನ್ನ, ಒಂದನ್ನೂ ಬಿಡಲಿಲ್ಲ. ಒಂಟೆ ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡು ಕೂತುಬಿಟ್ಟ. ಕನ್ನಡಕದಂಗಡಿಯವನು ಮೂಗಿನಿಂದ ಕೈ ತೆಗೆದ.

“ಏನು ಮೇಷ್ಟ್ರೇ, ನಿಮ್ಮ ಮನೆಯೋನಿಗೇ ಮನಸ್ಸು ಗಟ್ಟಿ ಇಲ್ವಲ್ಲ!”

ಸುತ್ತಲಿನವರು ನಕ್ಕರು. ಆ ನಗು ಮೇಷ್ಟ್ರ ಬೆನ್ನಿಗೆ ಬಿಸಿನೀರು ಸುರಿದಂತಾಯಿತು. ಅವರು ಕಂಬಿಗೆ ಎದೆಯೊತ್ತಿ, ಕುತ್ತಿಗೆಯ ನರ ಉಬ್ಬುವ ಹಾಗೆ, ಆ ಮಾತನ್ನು ಕೂಗಿದರು. ಹೆತ್ತೋಳು, ಸಾವು, ನಾಯಿ, ಒಂದಕ್ಷರ ಬಿಡದೆ. ಎಲ್ಲರ ಕೂಗಿನಲ್ಲಿ ಅದು ಕೊಚ್ಚಿಹೋಯಿತು. ಹತ್ತಿರ ನಿಂತಿದ್ದವರಿಗಷ್ಟೇ ಕೇಳಿಸಿ, ಅವರು ಬೆರಗಾದರು.

“ನೋಡ್ರಪ್ಪಾ, ಸ್ವಂತ ನೆಂಟನನ್ನೂ ಬಿಡಲ್ಲ. ಇದು ಎದೆಗಾರಿಕೆ ಅಂದ್ರೆ,” ಎಂದು ಡೋಲಿನವನು ಅವರ ಭುಜ ತಟ್ಟಿದ.

ಆಟ ಸಮದಲ್ಲೇ ಮುಗಿದು, ಕಪ್ ಕೈತಪ್ಪಿ ಮನೆಗೆ ಬಂದಾಗ ಹೆಂಡತಿ ಆರಿಸಿದ ಟೀವಿಯ ಮುಂದೆ ಕೂತಿದ್ದಳು. ಒಂಟೆ ಬಂದಿರಲಿಲ್ಲ. ತಂಡದ ಗೆಳೆಯನೊಬ್ಬನ ಮನೆಯಲ್ಲಿದ್ದೇನೆ, ನಾಳೆ ಬರುತ್ತೇನೆ ಎಂದು ಫೋನು ಮಾಡಿದ್ದನಂತೆ.

“ಅವನು ಒದೆಯೋ ಮುಂಚೆ ಟೀವೀಲಿ ನಿಮ್ಮ ಮುಖಾನೇ ತೋರಿಸಿದ್ರು,” ಎಂದಳು. “ಬಾಯಿ ತೆಗೆದ್ರಿ. ಆಮೇಲೆ ಮುಚ್ಚಿದ್ರಿ.”

“ಗ್ಯಾಲರಿ ಕಟ್ಟಳೆ ಅದು. ನಾನೇ ಮುರಿಯೋಕೆ ಆಗುತ್ತಾ?”

“ತಪ್ಪಿದ ಮೇಲೂ ತೋರಿಸಿದ್ರು. ಆಗ ಏನು ಕೂಗಿದ್ರಿ ಅಂತ ನನಗೆ ತುಟಿ ನೋಡಿದ್ರೇ ಗೊತ್ತಾಯ್ತು. ದಿನಾ ಕೇಳಿದೀನಲ್ಲ. ಬೇಕಾದಾಗ ಬಾಯಿ ಹೊಲಿದುಕೊಂಡು, ಬೇಡದಾಗ ಬೊಗಳಿದ್ರಿ.”

ಮೇಷ್ಟ್ರು ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿದರು.

“ನೋಡ್ರೀ,” ಎಂದಳು, ಈ ಸಲ ಮೆಲ್ಲಗೆ. “ನನ್ನ ತಮ್ಮ ಆಟ ಬಿಡ್ತಾನೆ. ತಾನೇ ಕೈಲಾಗದೋನು ಅಂತ ನಂಬಿಕೊಂಡು ಬಿಡ್ತಾನೆ. ಆಟ ಬಿಟ್ರೆ ಅವನಿಗೆ ಬದುಕಿನಲ್ಲಿ ಬೇರೆ ಏನಿದೆ? ನಾಳೆ ಅವನಿಗೆ ಒಂದು ಮಾತು ಹೇಳಿ. ನಿನ್ನೆ ಹೆದರಿದ್ದು ನಾನು ಕಣೋ, ನೀನಲ್ಲ ಅಂತ. ಅಷ್ಟು ಹೇಳಿದ್ರೆ ಅವನು ಉಳೀತಾನೆ.”

“ಆಯ್ತು, ಹೇಳ್ತೀನಿ,” ಎಂದರು ಮೇಷ್ಟ್ರು. ಹೇಳಬೇಕೆಂದೇ ಇದ್ದರು, ಸುಳ್ಳಲ್ಲ. ಬೆಳಿಗ್ಗೆ ಒಂದು ದವಡೆಹಲ್ಲನ್ನು ಅರದಿಂದ ಉಜ್ಜುತ್ತ ಆ ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡರು.

ಒಂಟೆ ಬಂದವನು ನೇರ ಕಾರ್ಯಾಗಾರಕ್ಕೇ ಬಂದ. ಕಣ್ಣು ಊದಿತ್ತು. ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತ. ಹೆಂಡತಿಯೂ ಬಂದು ಬಾಗಿಲಿಗೆ ಒರಗಿ ನಿಂತಳು.

“ಕೋಚ್ ಫೋನ್ ಮಾಡಿದ್ರು ಭಾವ. ಯಾರೇ ಆದ್ರೂ ಒಂದು ಸಲ ತಪ್ಪುತ್ತೆ, ಮುಂದಿನ ಸೀಸನ್ ಬಾ ಅಂದ್ರು. ನಾನು ಆಗಲ್ಲ ಅನ್ನೋಣ ಅಂತಿದೀನಿ. ನಿಮ್ಮನ್ನ ಕೇಳದೆ ಹೇಗೆ ಹೇಳ್ಲಿ ಅಂತ ಬಂದೆ.”

ಮೇಷ್ಟ್ರು ಅರ ಕೆಳಗಿಟ್ಟರು. “ಇಲ್ಲಿ ಕೇಳು. ನಿನ್ನೆ ಏನಾಯ್ತು ಅಂದ್ರೆ…”

“ನನಗೆ ಗೊತ್ತು ಭಾವ,” ಎಂದ ಒಂಟೆ. “ದಿನಾ ಬೈದು ಬೈದು ನನ್ನ ರೆಡಿ ಮಾಡಿದ್ರಿ. ನಿನ್ನೆ ನಾನು ನಿಮ್ಮ ಕಡೆ ನೋಡ್ದಾಗ ನೀವು ಬೈಲಿಲ್ಲ. ಇನ್ನು ಇವನಿಗೆ ಬೈಗುಳ ಬೇಡ, ಇವನು ಗಟ್ಟಿಯಾಗಿದಾನೆ ಅಂತ ನಂಬಿದ್ರಿ. ಆಮೇಲೆ ಅಷ್ಟು ಜನ ಬೈದ್ರಲ್ಲ, ಅದರಲ್ಲೂ ಕಿವಿಗೊಟ್ಟು ಕೇಳಿದೆ. ನಿಮ್ಮ ದನಿ ಇರಲಿಲ್ಲ. ನನ್ನ ನಂಬಿದೋರು ನೀವೊಬ್ರೇ. ನಾನು ಆ ನಂಬಿಕೆಗೇ ಲಾಯಕ್ಕಿಲ್ಲ ಅಂತಾಯ್ತು.”

ಮೇಷ್ಟ್ರು ಕೆಳಗಿಟ್ಟಿದ್ದ ಅರವನ್ನು ಮತ್ತೆ ಕೈಗೆತ್ತಿಕೊಂಡರು. ಹೆಂಡತಿ ಕಾದಳು. ಗಂಡನ ಮುಖವನ್ನೇ ನೋಡುತ್ತ ಕಾದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ಸುಳ್ಳು ಕಣೋ ಅದು! ನಿನ್ನ ಭಾವ ನಂಬಿ ಸುಮ್ಮನಿದ್ದದ್ದಲ್ಲ, ಹೆದರಿ ಸುಮ್ಮನಿದ್ದದ್ದು. ನಿನಗೆ ಏನು ಬೇಕಿತ್ತು ಅಂತ ಅವರಿಗೆ ಗೊತ್ತಿತ್ತು. ಬಾಯಿ ತೆಗೆದು ಮುಚ್ಚಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಕಾಲು ನಡುಗಿದ್ದು ನಿಂದಲ್ಲ, ಇವರದು. ಆಮೇಲೆ ಬೈದೂ ಬೈದ್ರು.”

ಒಂಟೆ ಅಕ್ಕನನ್ನು ನೋಡಿದ. ಆಮೇಲೆ ಭಾವನ ಕಡೆ ತಿರುಗಿದ.

“ಹೌದಾ ಭಾವ?”

ಇಬ್ಬರೂ ಮೇಷ್ಟ್ರನ್ನೇ ನೋಡುತ್ತಿದ್ದರು. ಹೌದು ಅನ್ನುವುದಕ್ಕೆ ಬೇಕಾದದ್ದು ಎರಡೇ ಅಕ್ಷರ. ಅಷ್ಟು ಅಂದುಬಿಟ್ಟರೆ ಈ ಉದ್ದ ಕತ್ತಿನ ಬಡಪಾಯಿ ಮತ್ತೆ ಬೂಟು ಕಟ್ಟಿಕೊಂಡಾನು. ಆದರೆ ಅಂದ ಮೇಲೆ ಇವನು ತಮ್ಮನ್ನು ಯಾವ ಕಣ್ಣಿನಲ್ಲಿ ನೋಡುತ್ತಾನೆ? ಗ್ಯಾಲರಿಗೆ ಸುದ್ದಿ ಹೋಗದೆ ಇದ್ದೀತೆ?

“ಹೆದರಿಕೆ? ನನಗಾ?” ಎಂದರು ಮೇಷ್ಟ್ರು. “ನಿನ್ನ ನಂಬಿದ್ದೆ ಕಣೋ. ಅದಕ್ಕೇ ಸುಮ್ಮನಿದ್ದೆ.”

ದನಿ ಒಂಚೂರೂ ನಡುಗಲಿಲ್ಲ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಂಟೆಗೆ ಅವಳ ಮೇಲೆ ಸಿಟ್ಟು ಬಂತು. ಅಕ್ಕನ ಮೇಲೆ ಅವನು ದನಿಯೆತ್ತಿದ್ದು ಅದೇ ಮೊದಲು.

“ನನ್ನ ಮೇಲೆ ಅಕ್ಕರೆ ಇದೆ ಅಂತ ಭಾವನ ಮೇಲೆ ಗೂಬೆ ಕೂರಿಸಬೇಡ ಅಕ್ಕ. ತಪ್ಪು ಮಾಡಿದೋನು ನಾನು. ಆಟದ ವಿಷಯ ನಿನಗೇನು ಗೊತ್ತು? ಒಳಗೆ ಹೋಗು.”

ಅವಳು ಒಳಗೆ ಹೋದಳು. ಒಂಟೆ ಅಲ್ಲೇ ಕೂತು ಕೋಚಿಗೆ ಫೋನು ಹಚ್ಚಿ, ಆಗಲ್ಲ ಸರ್, ನನಗೆ ಮನಸ್ಸು ಗಟ್ಟಿ ಇಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ಎಂದು ಹೇಳಿ ಇಟ್ಟ. ಆಮೇಲೆ ಎದ್ದು ಬಂದು ಭಾವನ ಪಾದ ಮುಟ್ಟಿದ.

“ನಿಮ್ಮ ಹೆಸರು ಕೆಡಿಸಿದೆ ಭಾವ. ಕ್ಷಮಿಸಿಬಿಡಿ.”

ಹಲ್ಲುಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮಿಸಿದರು.